ಮೂವತ್ತು ಸೆಕೆಂಡಿನ ರೋಗನಿರ್ಣಯ

ಕನ್ನಡದ ಯಾವುದಾದರೂ ಒಂದು ವೈರಲ್ ವಿಡಿಯೊ ತೆಗೆದು, ಕೆಳಗಿನ ಕಾಮೆಂಟುಗಳನ್ನು ಓದುತ್ತ ಹೋಗಿ. ಬಸ್ಸಿನಲ್ಲಿ ಕಂಡಕ್ಟರ್ ಜೊತೆ ಜಗಳಕ್ಕೆ ಬಿದ್ದ ಹೆಂಗಸೋ, ಸಿಗ್ನಲ್ಲಿನಲ್ಲಿ ಪೊಲೀಸರ ಮುಂದೆ ಕೂಗಾಡಿದ ಯುವಕನೋ, ಅಪಾರ್ಟ್‌ಮೆಂಟಿನ ಕಾವಲುಗಾರನನ್ನು ಗದರಿಸಿದ ನಿವಾಸಿಯೋ, ಯಾರೇ ಇರಲಿ, ಒಂದು ಮಾತು ಬಂದೇ ಬರುತ್ತದೆ: ‘ಇವರನ್ನು ಮೊದಲು ನಿಮ್ಹಾನ್ಸ್‌ಗೆ ಸೇರಿಸಿ.’ ಅದರ ಕೆಳಗೆ ಸೈಕೋ, ಮೆಂಟಲ್, ಬೈಪೋಲಾರ್ ಇರಬೇಕು, ಮಾತ್ರೆ ತಗೊಂಡಿಲ್ಲ ಅನ್ಸುತ್ತೆ ಎಂಬ ಮಾತುಗಳು. ಬರೆದವರಲ್ಲಿ ಯಾರೂ ಆ ವ್ಯಕ್ತಿಯನ್ನು ಕಂಡವರಲ್ಲ. ಕಂಡದ್ದು ಮೂವತ್ತು ಸೆಕೆಂಡಿನ ಒಂದು ತುಣುಕು.

ಬೆಂಗಳೂರಿನ ಹೊಸೂರು ರಸ್ತೆಯ ಆ ಸಂಸ್ಥೆಯ ಹೆಸರು ಬೈಗುಳವಾಗಿದೆ ಎಂಬುದು ನನಗೆ ನಿಜವಾಗಿಯೂ ನೋವಿನ ಸಂಗತಿ. ಬೆಂಗಳೂರಿನ ಹಳೆಯ ‘ಲುನಾಟಿಕ್ ಅಸೈಲಂ’ ಅನ್ನು ಮೈಸೂರು ಸಂಸ್ಥಾನ 1925ರಲ್ಲಿ ಮಾನಸಿಕ ಆಸ್ಪತ್ರೆ ಎಂದು ಕರೆಯಿತು. ಅದರ ಪಕ್ಕದಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿತು. ಎರಡೂ ಕೂಡಿ 1974ರ ಡಿಸೆಂಬರಿನಲ್ಲಿ ನಿಮ್ಹಾನ್ಸ್ ಆಯಿತು. ಪಂಜಾಬಿನಿಂದ ಮಣಿಪುರದವರೆಗೆ 12 ರಾಜ್ಯಗಳಲ್ಲಿ ನಡೆದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಗೆ ನೇತೃತ್ವ ಕೊಟ್ಟದ್ದೂ ಅದೇ. ಆ ಸಮೀಕ್ಷೆಯ ಪ್ರಕಾರ ನಮ್ಮ ವಯಸ್ಕರಲ್ಲಿ ಶೇ 10.6ರಷ್ಟು ಮಂದಿಗೆ ಆ ಹೊತ್ತಿನಲ್ಲಿ ಯಾವುದಾದರೊಂದು ಮಾನಸಿಕ ಕಾಯಿಲೆ ಇತ್ತು. ಕಾಯಿಲೆ ಯಾವುದು ಎಂಬುದರ ಮೇಲೆ ಶೇ 70ರಿಂದ 92ರಷ್ಟು ಜನ ಚಿಕಿತ್ಸೆಯಿಲ್ಲದೆ ಇದ್ದರು. ಹತ್ತಿರದಲ್ಲಿ ಆಸ್ಪತ್ರೆಯಿಲ್ಲದ್ದು ಇದಕ್ಕೆ ಒಂದು ಕಾರಣ. ‘ಜನ ಏನೆಂದಾರು’ ಎಂಬ ಹೆದರಿಕೆ ಇನ್ನೊಂದು. ಕಾಮೆಂಟು ಬರೆಯುವವನು ಆ ಎರಡನೆಯ ಕಾರಣಕ್ಕೆ ದಿನವೂ ನೀರೆರೆಯುತ್ತಿದ್ದಾನೆ.

ಮನೋವೈದ್ಯರು ಒಬ್ಬರ ಕಾಯಿಲೆಗೆ ಹೆಸರಿಡುವುದು ಹೇಗೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಖಿನ್ನತೆ ಇದೆಯೇ ಎಂದು ತಿಳಿಯಬೇಕಾಗಿದೆ ಎಂದುಕೊಳ್ಳಿ. ಇದಕ್ಕೆ ಎಕ್ಸ್‌ರೇ ಇಲ್ಲ, ಕಾಯಿಲೆಯನ್ನು ಖಚಿತಪಡಿಸುವ ರಕ್ತಪರೀಕ್ಷೆಯೂ ಇಲ್ಲ. ವೈದ್ಯರು ಕೇಳುತ್ತಾರೆ: ಯಾವಾಗಿನಿಂದ ಹೀಗೆ? ಬೆಳಿಗ್ಗೆ ಎಷ್ಟು ಹೊತ್ತಿಗೆ ಎಚ್ಚರವಾಗುತ್ತದೆ? ಊಟ ಸೇರುತ್ತದೆಯೆ? ಮೊದಲು ಖುಷಿ ಕೊಡುತ್ತಿದ್ದ ಕೆಲಸ ಈಗಲೂ ಕೊಡುತ್ತದೆಯೆ? ಜೊತೆಗೆ ಬಂದ ಹೆಂಡತಿಯನ್ನೋ ಅಣ್ಣನನ್ನೋ ಬೇರೆ ಕೂರಿಸಿ ಮತ್ತೆ ಅದನ್ನೇ ಕೇಳುತ್ತಾರೆ, ಎರಡು ಉತ್ತರಗಳು ತಾಳೆಯಾಗುತ್ತವೆಯೇ ಎಂದು ನೋಡುತ್ತಾರೆ. ಮನೆತನದಲ್ಲಿ ಯಾರಿಗಾದರೂ ಇತ್ತೇ, ಕುಡಿತವಿದೆಯೇ, ಇತ್ತೀಚೆಗೆ ಯಾರಾದರೂ ತೀರಿಕೊಂಡರೇ ಎಂದೂ ವಿಚಾರಿಸುತ್ತಾರೆ. ಥೈರಾಯ್ಡ್ ಗ್ರಂಥಿ ಸೋತರೂ ಮನುಷ್ಯ ಮಂಕಾಗುತ್ತಾನೆ, ಬಿ12 ಕಡಿಮೆಯಾದರೂ ಆಗುತ್ತಾನೆ, ಹಾಗಾಗಿ ಅವುಗಳ ಪರೀಕ್ಷೆಗೆ ಬರೆದುಕೊಡುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11 ಕೈಪಿಡಿಯ ಪ್ರಕಾರ, ಹತ್ತು ಲಕ್ಷಣಗಳಲ್ಲಿ ಕನಿಷ್ಠ ಐದು, ದಿನದ ಬಹುಪಾಲು, ಹೆಚ್ಚುಕಡಿಮೆ ಪ್ರತಿದಿನ, ಕನಿಷ್ಠ ಎರಡು ವಾರ ಇರಬೇಕು. ಸ್ಕಿಜೋಫ್ರೀನಿಯಾ ಎನ್ನಲು ಒಂದು ತಿಂಗಳಾದರೂ ಬೇಕು. ಎಡಿಎಚ್‌ಡಿ ಎನ್ನಬೇಕಾದರೆ ಲಕ್ಷಣಗಳು ಹನ್ನೆರಡು ವರ್ಷದೊಳಗೇ ಶುರುವಾಗಿರಬೇಕು.

ಇಲ್ಲಿರುವ ಅಳತೆಗಳಲ್ಲಿ ಹೆಚ್ಚಿನವು ಕಾಲದ ಅಳತೆಗಳು. ಎರಡು ವಾರ, ಒಂದು ತಿಂಗಳು, ಬಾಲ್ಯದಿಂದ ಇಲ್ಲಿಯವರೆಗೆ. ಒಬ್ಬನ ಬದುಕು ಇಷ್ಟು ದಿನಗಳಿಂದ ಯಾವ ದಿಕ್ಕಿನಲ್ಲಿ ಸಾಗಿದೆ ಎಂಬುದರ ಬಗ್ಗೆ ವೈದ್ಯರು ಮಾಡುವ ಊಹೆಯೇ ರೋಗನಿರ್ಣಯ. ಮುಂದಿನ ಭೇಟಿಯಲ್ಲಿ ಅದು ತಪ್ಪೆಂದು ಕಂಡರೆ ಫೈಲಿನಲ್ಲಿ ತಿದ್ದುತ್ತಾರೆ. ಮೊದಲು ಖಿನ್ನತೆ ಎಂದು ಬರೆದದ್ದು ಎರಡು ವರ್ಷದ ಬಳಿಕ ಬೈಪೋಲಾರ್ ಎಂದು ಬದಲಾಗುವುದು ಅಪರೂಪವೇನಲ್ಲ. ಹೆಸರುಗಳ ಪಟ್ಟಿಯೂ ಬದಲಾಗುತ್ತದೆ: ಸಲಿಂಗ ಪ್ರೇಮವನ್ನು ಅಮೆರಿಕದ ಮನೋವೈದ್ಯರ ಸಂಘ ರೋಗಗಳ ಪಟ್ಟಿಯಿಂದ ತೆಗೆಯಲು ತೀರ್ಮಾನಿಸಿದ್ದು 1973ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆ ಕೈಬಿಟ್ಟದ್ದು 1990ರಲ್ಲಿ. ಇನ್ನು ರೀಲ್ಸ್‌ನ ತುಣುಕಿನಲ್ಲಿ ಎಲ್ಲ ಇರಬಹುದು, ಮುಖ, ದನಿ, ಸಿಟ್ಟು, ಕಣ್ಣೀರು. ಕಾಲ ಮಾತ್ರ ಇರುವುದಿಲ್ಲ. ಅದಕ್ಕೆ ಐದು ನಿಮಿಷ ಮುಂಚೆ ಏನಾಯಿತು, ಆ ಮನುಷ್ಯ ನಿನ್ನೆ ಹೇಗಿದ್ದ ಎಂಬುದು ಅದರೊಳಗೆ ಇಲ್ಲ. ರೋಗನಿರ್ಣಯಕ್ಕೆ ಬೇಕಾದ ಮುಖ್ಯ ವಸ್ತುವೇ ಅದರಿಂದ ಕಳಚಿಹೋಗಿದೆ.

2015ರ ಆಗಸ್ಟಿನಲ್ಲಿ ದೆಹಲಿ ಮೆಟ್ರೊದ ಒಂದು ವಿಡಿಯೊ ದೇಶವೆಲ್ಲ ಸುತ್ತಿತು. ಸಮವಸ್ತ್ರದಲ್ಲಿದ್ದ ಒಬ್ಬ ಪೊಲೀಸ್ ಸಿಬ್ಬಂದಿ ರೈಲಿನೊಳಗೆ ನಿಲ್ಲಲಾರದೆ ತೂರಾಡುತ್ತಾನೆ, ಕೊನೆಗೆ ಬೀಳುತ್ತಾನೆ. ಕುಡಿದ ಪೊಲೀಸ್ ಎಂಬ ತಲೆಬರಹದಲ್ಲಿ ಅದು ಹರಿದಾಡಿತು, ಟಿ.ವಿ. ಚಾನೆಲ್‌ಗಳೂ ಹಾಗೆಯೇ ತೋರಿಸಿದವು. ಇಲಾಖೆ ಆತನನ್ನು ಅಮಾನತು ಮಾಡಿತು. ವಿಚಾರಣೆಯಲ್ಲಿ ತಿಳಿದದ್ದೇ ಬೇರೆ. ಕೆಲವು ವರ್ಷಗಳ ಹಿಂದೆ ಆತನಿಗೆ ಪಾರ್ಶ್ವವಾಯು ಹೊಡೆದಿತ್ತು, ಅದರ ಪರಿಣಾಮ ದೇಹದಲ್ಲಿ ಉಳಿದಿತ್ತು. ಅಮಾನತು ರದ್ದಾಯಿತು. ಹೋದ ಮಾನವನ್ನು ಹಿಂದಕ್ಕೆ ಪಡೆಯಲು ಆತ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. ಆ ವಿಡಿಯೊದಲ್ಲಿ ಸುಳ್ಳು ಏನೂ ಇರಲಿಲ್ಲ. ಯಾರೂ ಕತ್ತರಿಸಿ ಅಂಟಿಸಿರಲಿಲ್ಲ. ಆತ ತೂರಾಡಿದ್ದು ನಿಜ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರು ಹೇಳುತ್ತಿದ್ದುದು ಇಂಥ ಸಂದರ್ಭಕ್ಕೇ. ಆ ರೈಲಿನಲ್ಲಿ ಒಬ್ಬರು ‘ಹುಷಾರಿಲ್ವಾ ಸರ್, ಕೂತ್ಕೊಳ್ಳಿ’ ಎಂದಿದ್ದರೆ ಸಾಕಿತ್ತು. ಎದ್ದದ್ದು ಕೈಗಳಲ್ಲ, ಫೋನು.

ಹೀಗೇಕೆ ಆಗುತ್ತದೆ? ಜನ ಕೆಟ್ಟವರಾಗಿದ್ದಾರೆ ಎಂಬ ಉತ್ತರ ಸುಲಭ, ಆದರೆ ಅದು ಸರಿಯಲ್ಲ. ತಪ್ಪು ಮಾಡಿದವನಿಗೆ ಶಿಕ್ಷೆ ಕೊಡಬೇಕೆಂಬ ತುಡಿತ ಮನುಷ್ಯ ಸಮಾಜವನ್ನು ಹಿಡಿದು ನಿಲ್ಲಿಸಿರುವ ಶಕ್ತಿಗಳಲ್ಲಿ ಒಂದು. ಜ್ಯೂರಿಕ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 2004ರಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಹಣದ ಆಟದಲ್ಲಿ ತಮಗೆ ಮೋಸ ಮಾಡಿದವರಿಗೆ ದಂಡ ಹಾಕುವ ಅವಕಾಶವನ್ನು ಆಟಗಾರರಿಗೆ ಕೊಟ್ಟು, ಅದೇ ಹೊತ್ತಿನಲ್ಲಿ ಅವರ ಮಿದುಳಿನ ಸ್ಕ್ಯಾನ್ ಮಾಡಿದರು. ದಂಡ ಹಾಕುವಾಗ ಚುರುಕಾದದ್ದು ಸ್ಟ್ರಯೇಟಮ್ ಎಂಬ ಭಾಗ. ಬಹುಮಾನ ಸಿಕ್ಕಾಗ, ಇಷ್ಟದ್ದು ಕೈಗೆ ಬಂದಾಗ ಚುರುಕಾಗುವ ಭಾಗವೂ ಅದೇ. ಶಿಕ್ಷೆ ಕೊಡುವುದು ನಮಗೆ ಹಿತ ಕೊಡುತ್ತದೆ. ಆದರೆ ಊರಿನಲ್ಲಿ, ಕಚೇರಿಯಲ್ಲಿ ಆ ಹಿತಕ್ಕೆ ಬೆಲೆ ತೆರಬೇಕು. ಎದುರಿಗೆ ನಿಂತು ಬೈದರೆ ಅವನೂ ತಿರುಗಿ ಬೈದಾನು, ನಾಳೆ ಅವನದೇ ಅಂಗಡಿಗೆ ಹೋಗಬೇಕಾದೀತು, ಬೈಸಿಕೊಂಡವನ ಮುಖ ಸಣ್ಣದಾದದ್ದು ಕಂಡರೆ ನಮಗೇ ಕಸಿವಿಸಿಯಾದೀತು. ಫೋನಿನಲ್ಲಿ ಹಿತ ಉಳಿದಿದೆ, ಬೆಲೆ ಹೊರಟುಹೋಗಿದೆ. ಮನೋವಿಜ್ಞಾನಿ ಮಾಲಿ ಕ್ರಾಕೆಟ್ 2017ರಲ್ಲಿ ‘ನೇಚರ್ ಹ್ಯೂಮನ್ ಬಿಹೇವಿಯರ್’ ಪತ್ರಿಕೆಯಲ್ಲಿ ಬರೆದದ್ದರ ಸಾರವೂ ಇದೇ.

ಅದರ ಮೇಲೆ ಲೈಕ್ ಸೇರಿತು. ಫೇಸ್‌ಬುಕ್ಕಿನ ಲೈಕ್ ಗುಂಡಿಯೂ ಟ್ವಿಟರಿನ ರೀಟ್ವೀಟ್ ಗುಂಡಿಯೂ ಬಂದದ್ದು ಒಂದೇ ವರ್ಷ, 2009ರಲ್ಲಿ. ವಿಲಿಯಂ ಬ್ರೇಡಿ ಮತ್ತು ಸಂಗಡಿಗರು 2017ರಲ್ಲಿ 5 ಲಕ್ಷಕ್ಕೂ ಹೆಚ್ಚು ಟ್ವೀಟ್‌ಗಳನ್ನು ಪರಿಶೀಲಿಸಿ, ನೀತಿಯ ಆವೇಶವಿರುವ ಒಂದೊಂದು ಪದ ಸೇರಿದಂತೆಲ್ಲ ಟ್ವೀಟು ಹರಡುವ ಪ್ರಮಾಣ ಸುಮಾರು ಶೇ 20ರಷ್ಟು ಏರುತ್ತದೆ ಎಂದು ತೋರಿಸಿದರು. 2021ರಲ್ಲಿ ಅವರು ಒಂದು ಹೆಜ್ಜೆ ಮುಂದೆ ಹೋದರು. 7,331 ಬಳಕೆದಾರರ 1.27 ಕೋಟಿ ಟ್ವೀಟ್‌ಗಳನ್ನು ಕಾಲಕ್ರಮದಲ್ಲಿ ಹಿಂಬಾಲಿಸಿದಾಗ ಕಂಡದ್ದು ಇದು: ಆಕ್ರೋಶದ ಮಾತಿಗೆ ಹೆಚ್ಚು ಲೈಕು ಸಿಕ್ಕವರು ಮುಂದೆ ಇನ್ನೂ ಹೆಚ್ಚು ಆಕ್ರೋಶದಿಂದ ಬರೆಯುತ್ತ ಹೋದರು. ಅಂದರೆ ಗುಂಡಿ ನಮ್ಮ ಸಿಟ್ಟನ್ನು ಸಾಗಿಸುವುದಷ್ಟೇ ಅಲ್ಲ, ಸಿಟ್ಟಾಗುವುದನ್ನು ನಮಗೆ ಕಲಿಸುತ್ತದೆ.

ಇನ್ನೊಂದು ಸಂಶೋಧನೆ ನನಗೆ ಬಹಳ ಮುಖ್ಯವೆನಿಸುತ್ತದೆ. ಸ್ಟ್ಯಾನ್‌ಫರ್ಡಿನ ತಕುಯಾ ಸವಾವೊಕಾ ಮತ್ತು ಬೆನ್ವಾ ಮೊನಾಂ 2018ರಲ್ಲಿ ಜನರಿಗೆ ಒಂದು ಆಕ್ಷೇಪಾರ್ಹ ಪೋಸ್ಟನ್ನು, ಅದಕ್ಕೆ ಬಂದ ಖಂಡನೆಯನ್ನು ತೋರಿಸಿದರು. ಒಬ್ಬರೇ ಖಂಡಿಸಿದ್ದನ್ನು ಕಂಡವರು ‘ಸರಿಯಾಗಿ ಹೇಳಿದ್ದಾರೆ’ ಎಂದರು. ಅದೇ ಮಾತನ್ನು ಹತ್ತಾರು ಮಂದಿ ಹೇಳಿದ್ದನ್ನು ಕಂಡವರಿಗೆ ಅದು ಹಿಂಸೆಯಂತೆ ಕಂಡಿತು, ತಪ್ಪು ಮಾಡಿದವನ ಮೇಲೇ ಮರುಕ ಬಂತು. ಒಬ್ಬೊಬ್ಬರೂ ಬರೆದದ್ದು ಒಂದೊಂದೇ ಸಾಲು. ‘ನಾನು ಬರೆದದ್ದು ಇಷ್ಟೇ ತಾನೆ’ ಎಂದು ಪ್ರತಿಯೊಬ್ಬರೂ ಪ್ರಾಮಾಣಿಕವಾಗಿಯೇ ಹೇಳಬಹುದು. ಆದರೆ ಬೈಸಿಕೊಳ್ಳುವವನ ಫೋನಿಗೆ ಬರುವುದು ಒಟ್ಟು ಮೊತ್ತ. ಶಿಕ್ಷೆ ಎಷ್ಟಿರಬೇಕು ಎಂದು ಅಳೆಯುವ ನ್ಯಾಯಾಧೀಶರಿಲ್ಲ, ಸಾಕು ಎನ್ನುವವರೂ ಇಲ್ಲ.

ಇಂಥ ಗುಂಪಿನ ಕೈಗೆ ರೋಗದ ಹೆಸರು ಸಿಕ್ಕಾಗ ಆಗುವ ಅನಾಹುತ ಅಂತರ್ಜಾಲಕ್ಕಿಂತ ಹಳೆಯದು. 1964ರಲ್ಲಿ ಅಮೆರಿಕದ ಅಧ್ಯಕ್ಷ ಚುನಾವಣೆಗೆ ಬ್ಯಾರಿ ಗೋಲ್ಡ್‌ವಾಟರ್ ನಿಂತಿದ್ದರು. ‘ಫ್ಯಾಕ್ಟ್’ ಎಂಬ ಪತ್ರಿಕೆ ಆ ದೇಶದ 12,356 ಮನೋವೈದ್ಯರಿಗೆ ಪತ್ರ ಬರೆದು, ಗೋಲ್ಡ್‌ವಾಟರ್ ಮಾನಸಿಕವಾಗಿ ಅಧ್ಯಕ್ಷ ಪದವಿಗೆ ಯೋಗ್ಯರೇ ಎಂದು ಕೇಳಿತು. 2,417 ಮಂದಿ ಉತ್ತರಿಸಿದರು, ಅವರಲ್ಲಿ 1,189 ಮಂದಿ ಅಯೋಗ್ಯರು ಎಂದರು. ಕೆಲವರು ರೋಗದ ಹೆಸರನ್ನೂ ಬರೆದರು. ಇವರು ಕಾಮೆಂಟು ಬರೆಯುವ ಜನಸಾಮಾನ್ಯರಲ್ಲ, ಪದವಿ ಪಡೆದ ವೈದ್ಯರು. ರೋಗಿಯ ಮುಂದೆ ಕೂರದೆ ರೋಗಕ್ಕೆ ಹೆಸರಿಡಬಾರದೆಂದು ಓದಿದವರು. ಗೋಲ್ಡ್‌ವಾಟರ್ ಚುನಾವಣೆ ಸೋತರು, ಮಾನನಷ್ಟ ಮೊಕದ್ದಮೆ ಗೆದ್ದರು. ಪತ್ರಿಕೆ 75,000 ಡಾಲರ್ ದಂಡ ತೆರಬೇಕಾಯಿತು. ತಾವೇ ಪರೀಕ್ಷಿಸದ, ಒಪ್ಪಿಗೆ ಕೊಡದ ವ್ಯಕ್ತಿಯ ಬಗ್ಗೆ ವೃತ್ತಿಯ ಹೆಸರಿನಲ್ಲಿ ಅಭಿಪ್ರಾಯ ಕೊಡುವುದು ಅನೈತಿಕ ಎಂದು 1973ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ನಿಯಮ ಮಾಡಿತು. ಇಂದಿಗೂ ಅದಕ್ಕೆ ಗೋಲ್ಡ್‌ವಾಟರ್ ನಿಯಮ ಎಂದೇ ಹೆಸರು.

ನಮ್ಮಲ್ಲಿ ಇದಕ್ಕಿಂತ ಗಟ್ಟಿಯಾದ ಕಾನೂನೇ ಇದೆ, ಅದರ ಬಗ್ಗೆ ಮಾತಾಡುವವರು ಕಡಿಮೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 3ನೇ ಸೆಕ್ಷನ್ ಪ್ರಕಾರ, ಒಬ್ಬರ ರಾಜಕೀಯ ನಿಲುವು, ಸಾಮಾಜಿಕ ಸ್ಥಾನ, ಧರ್ಮ, ಸುತ್ತಲಿನವರ ನೀತಿ ನಡವಳಿಕೆಗೆ ಹೊಂದಿಕೊಳ್ಳದಿರುವುದು, ಇವು ಯಾವುವೂ ಮಾನಸಿಕ ಕಾಯಿಲೆ ಎನ್ನಲು ಆಧಾರವಾಗಲಾರವು. ಹಿಂದೊಮ್ಮೆ ಆಸ್ಪತ್ರೆಗೆ ಸೇರಿದ್ದರು ಎಂಬುದೊಂದನ್ನೇ ಹಿಡಿದು ಇಂದೂ ಕಾಯಿಲೆಯಿದೆ ಎನ್ನುವಂತಿಲ್ಲ. 24ನೇ ಸೆಕ್ಷನ್ ಪ್ರಕಾರ ಚಿಕಿತ್ಸೆಯಲ್ಲಿರುವವರ ಫೋಟೊವನ್ನಾಗಲಿ ವಿವರವನ್ನಾಗಲಿ ಅವರ ಒಪ್ಪಿಗೆಯಿಲ್ಲದೆ ಮಾಧ್ಯಮಗಳಿಗೆ ಕೊಡಬಾರದು. ಕಂಪ್ಯೂಟರಿನಲ್ಲಿರುವ ಮಾಹಿತಿಗೂ ಇದು ಅನ್ವಯ.

ಇಷ್ಟು ಹೇಳಿದ ಮೇಲೆ, ಹಣೆಪಟ್ಟಿಗಳೇ ಬೇಡ ಎಂದು ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ವರ್ಷಗಟ್ಟಲೆ ‘ಸೋಮಾರಿ’, ‘ಮೊಂಡ’ ಎಂದು ಬೈಸಿಕೊಂಡ ಮಗುವಿಗೆ ಕಲಿಕೆಯ ನ್ಯೂನತೆಯಿದೆ ಎಂದು ಗೊತ್ತಾದ ದಿನ ಆ ಮನೆಯಲ್ಲಿ ಎಷ್ಟು ದೊಡ್ಡ ಭಾರ ಇಳಿಯುತ್ತದೆ ಎಂಬುದನ್ನು ಅಂಥ ತಾಯಂದಿರನ್ನು ಕೇಳಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದ 21 ಬಗೆಯ ವೈಕಲ್ಯಗಳಲ್ಲಿ ಆಟಿಸಂ, ಕಲಿಕಾ ನ್ಯೂನತೆ, ಮಾನಸಿಕ ಕಾಯಿಲೆ ಎಲ್ಲ ಇವೆ. ಹೆಸರಿಲ್ಲದೆ ಆ ಕಾಯ್ದೆಯ ಸವಲತ್ತುಗಳಿಲ್ಲ. ಅಂತರ್ಜಾಲದಲ್ಲಿ ಯಾರೋ ತಮ್ಮ ಅನುಭವ ಹೇಳಿಕೊಂಡದ್ದನ್ನು ಕೇಳಿ, ‘ಇದು ನನ್ನದೇ ಕಥೆ’ ಎಂದು ವೈದ್ಯರ ಬಳಿ ಹೋದವರಿದ್ದಾರೆ. ಅದೇ ವೇಳೆ ಅಪಾಯವೂ ಉಂಟು. ಟಿಕ್‌ಟಾಕ್‌ನ ಅತಿ ಜನಪ್ರಿಯ 100 ಎಡಿಎಚ್‌ಡಿ ವಿಡಿಯೊಗಳನ್ನು ಕೆನಡಾದ ಸಂಶೋಧಕರು 2022ರಲ್ಲಿ ಪರಿಶೀಲಿಸಿದಾಗ 52 ವಿಡಿಯೊಗಳು ದಾರಿ ತಪ್ಪಿಸುವಂಥವು ಎಂದು ಕಂಡುಬಂತು. ತನಗೆ ತಾನೇ ಹೆಸರಿಟ್ಟುಕೊಳ್ಳುವುದು ಒಂದು ಪ್ರಶ್ನೆಯ ಆರಂಭವಾದರೆ ಒಳ್ಳೆಯದು, ಉತ್ತರವಾಗಿ ನಿಂತುಬಿಟ್ಟರೆ ಕಷ್ಟ.

ಜನರು ಮಾಡುವ ಈ ಹಣೆಪಟ್ಟಿ ಹಚ್ಚುವ ಕೆಲಸವನ್ನು ಈಗ ಯಂತ್ರಗಳೂ ಮಾಡುತ್ತಿವೆ. ಬ್ರಿಟನ್ನಿನ ಸಮಾರಿಟನ್ಸ್ ಸಂಸ್ಥೆ 1953ರಿಂದ ಆತ್ಮಹತ್ಯೆ ತಡೆಯಲು ದುಡಿಯುತ್ತಿರುವ ಗೌರವಾನ್ವಿತ ಸಂಸ್ಥೆ. 2014ರ ಅಕ್ಟೋಬರ್ 29ರಂದು ಅದು ‘ರೇಡಾರ್’ ಎಂಬ ಸಾಧನವನ್ನು ಬಿಡುಗಡೆ ಮಾಡಿತು. ನೀವು ಅದಕ್ಕೆ ಸೇರಿದರೆ, ಟ್ವಿಟರಿನಲ್ಲಿ ನೀವು ಹಿಂಬಾಲಿಸುವ ಎಲ್ಲರ ಟ್ವೀಟ್‌ಗಳನ್ನೂ ಅದು ಓದುತ್ತಿತ್ತು. ‘ಒಂಟಿತನ ಸಾಕಾಗಿದೆ’, ‘ನನ್ನ ಮೇಲೆ ನನಗೇ ಅಸಹ್ಯ’ ಎಂಬರ್ಥದ ಮಾತುಗಳು ಕಂಡರೆ ನಿಮಗೆ ಇ-ಮೇಲ್ ಬರುತ್ತಿತ್ತು. ಟ್ವೀಟು ಬರೆದವರಿಗೆ ತಮ್ಮ ಮೇಲೆ ಕಣ್ಣಿದೆ ಎಂಬುದೇ ತಿಳಿಯುತ್ತಿರಲಿಲ್ಲ. ಗೆಳೆಯರಿಗೆ ಬರುವ ಸೂಚನೆ ಹಿಂಸೆ ಕೊಡುವವನಿಗೂ ಬರಬಹುದಿತ್ತು. ಮಾಜಿ ಗಂಡನೋ ಟ್ರೋಲ್ ಮಾಡುವವನೋ ಆ ವ್ಯಕ್ತಿ ಯಾವ ರಾತ್ರಿ ಅತಿ ದುರ್ಬಲಳಾಗಿದ್ದಾಳೆ ಎಂದು ತಿಳಿಯಲು ಇದಕ್ಕಿಂತ ಸುಲಭದ ದಾರಿ ಬೇಕಿರಲಿಲ್ಲ. ಪ್ರತಿಭಟಿಸಿದವರಲ್ಲಿ ಸ್ವತಃ ಮಾನಸಿಕ ಕಾಯಿಲೆಯೊಂದಿಗೆ ಬದುಕುತ್ತಿದ್ದವರೂ ಇದ್ದರು. ಅವರು ಅಲ್ಲಿ ಒಬ್ಬರಿಗೊಬ್ಬರು ಮನಸ್ಸು ಬಿಚ್ಚಿ ಮಾತಾಡುತ್ತಿದ್ದರು, ಈಗ ಬಾಯಿ ಕಟ್ಟಿದಂತಾಯಿತು. ನವೆಂಬರ್ 7ಕ್ಕೆ ಸಂಸ್ಥೆ ರೇಡಾರನ್ನು ನಿಲ್ಲಿಸಿತು, ಮತ್ತೆ ತೆರೆಯಲಿಲ್ಲ.

ಅದು ಹಳೆಯ ಕಾಲದ ಯಂತ್ರ, ಈಗಿನವು ಜಾಣ ಯಂತ್ರಗಳು ಎನ್ನಬಹುದು. 2017ರಲ್ಲಿ ಅಮೆರಿಕದ ಇಬ್ಬರು ಸಂಶೋಧಕರು 166 ಮಂದಿಯ ಇನ್‌ಸ್ಟಾಗ್ರಾಂ ಫೋಟೊಗಳನ್ನು ಕಂಪ್ಯೂಟರಿಗೆ ಉಣಿಸಿ, ಖಿನ್ನತೆ ಇರುವವರ ಫೋಟೊಗಳು ಹೆಚ್ಚು ನೀಲಿ, ಹೆಚ್ಚು ಬೂದು, ಹೆಚ್ಚು ಮಬ್ಬು ಎಂದು ಕಂಡುಕೊಂಡರು. ಕುತೂಹಲದ ಸಂಗತಿಯೇ. ಆದರೆ ಇಂಥ ಯಂತ್ರವನ್ನು ಎಲ್ಲರ ಮೇಲೂ ಬಿಟ್ಟರೆ ಏನಾಗುತ್ತದೆ ಎಂದು ಶಾಲೆಯ ಗಣಿತದಲ್ಲೇ ನೋಡಬಹುದು. 1,000 ಜನರಲ್ಲಿ 50 ಮಂದಿಗೆ ಖಿನ್ನತೆ ಇದೆ ಎಂದಿಟ್ಟುಕೊಳ್ಳಿ. ಯಂತ್ರ ಅವರಲ್ಲಿ 100ಕ್ಕೆ 80ರಂತೆ ಸರಿಯಾಗಿ ಗುರುತಿಸುತ್ತದೆ, ಕಾಯಿಲೆ ಇಲ್ಲದವರಲ್ಲಿ 100ಕ್ಕೆ 10 ಮಂದಿಯನ್ನು ಮಾತ್ರ ತಪ್ಪಾಗಿ ಹಿಡಿಯುತ್ತದೆ. ಕೇಳಲು ಒಳ್ಳೆಯ ಯಂತ್ರ. ಲೆಕ್ಕ ಹಾಕಿ: ಸರಿಯಾಗಿ ಸಿಕ್ಕವರು 40 ಮಂದಿ. ಉಳಿದ 950ರಲ್ಲಿ ತಪ್ಪಾಗಿ ಸಿಕ್ಕವರು 95 ಮಂದಿ. ಯಂತ್ರ ಬೊಟ್ಟು ಮಾಡಿದ 135 ಮಂದಿಯಲ್ಲಿ ಸುಮಾರು ಶೇ 70ರಷ್ಟು ಜನರಿಗೆ ಕಾಯಿಲೆಯೇ ಇಲ್ಲ! ಹುಡುಕುತ್ತಿರುವ ಸಂಗತಿ ಇನ್ನೂ ಅಪರೂಪದ್ದಾದರೆ ತಪ್ಪಿನ ಪಾಲು ಇನ್ನೂ ಏರುತ್ತದೆ. ಆಸ್ಪತ್ರೆಯಲ್ಲಾದರೆ ಇದು ದೊಡ್ಡ ತೊಂದರೆಯಲ್ಲ. ಆ 135 ಮಂದಿಯನ್ನೂ ಕೂರಿಸಿ, ಸಮಾಧಾನದಿಂದ ಮಾತಾಡಿಸಿ, ಇಲ್ಲದವರನ್ನು ಮನೆಗೆ ಕಳಿಸುತ್ತಾರೆ. ಕಂಪನಿಯ ನೇಮಕಾತಿ ವಿಭಾಗವೋ ವಿಮೆ ಮಾರುವವರೋ ಅದೇ ಪಟ್ಟಿ ಹಿಡಿದು ಕೂತರೆ ಮಾತಾಡಿಸುವವರು ಯಾರು? 95 ಮಂದಿಗೆ ತಾವು ಯಾಕೆ ಕೈಬಿಡಲ್ಪಟ್ಟೆವು ಎಂಬುದೂ ತಿಳಿಯುವುದಿಲ್ಲ.

ಹಣೆಪಟ್ಟಿ ಅಂಟುವುದಕ್ಕೆ ಮುಂಚೆ ಕಾಲ ಇಲ್ಲ. ಅಂಟಿದ ಮೇಲೆ ಮುಗಿಯದಷ್ಟು ಕಾಲ. ಊರಿನಲ್ಲಿ ಮಾನ ಹೋದವನು ಬೇರೆ ಊರಿಗೆ ಹೋಗಿ ಹೊಸದಾಗಿ ಬದುಕು ಕಟ್ಟಬಹುದಿತ್ತು. ಗೂಗಲ್ಲಿಗೆ ಬೇರೆ ಊರು ಎಂಬುದಿಲ್ಲ. 2017ರ ಜನವರಿಯಲ್ಲಿ ಕರ್ನಾಟಕ ಹೈಕೋರ್ಟ್ ಒಂದು ಪ್ರಕರಣದಲ್ಲಿ, ಅಂತರ್ಜಾಲದ ಹುಡುಕಾಟದಲ್ಲಿ ಮಹಿಳೆಯೊಬ್ಬರ ಹೆಸರು ನ್ಯಾಯಾಲಯದ ಆದೇಶದೊಂದಿಗೆ ಕಾಣಿಸಿಕೊಳ್ಳದಂತೆ ನೋಡಿಕೊಳ್ಳಲು ತನ್ನ ರಿಜಿಸ್ಟ್ರಿಗೆ ಸೂಚಿಸಿತು. ಮರೆಯಲ್ಪಡುವ ಹಕ್ಕಿನ ಬಗ್ಗೆ ನಮ್ಮ ದೇಶದಲ್ಲಿ ಬಂದ ಮೊದಮೊದಲ ಮಾತುಗಳಲ್ಲಿ ಅದೂ ಒಂದು. ಅದೇ ವರ್ಷದ ಆಗಸ್ಟ್ 24ರಂದು ಸುಪ್ರೀಂ ಕೋರ್ಟ್ ಖಾಸಗಿತನ ಮೂಲಭೂತ ಹಕ್ಕು ಎಂದಿತು. ಆ ಅರ್ಜಿ ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2023ರ ದತ್ತಾಂಶ ರಕ್ಷಣೆ ಕಾಯ್ದೆಯಲ್ಲಿ ಅಳಿಸಿಹಾಕಿಸುವ ಹಕ್ಕು ಇದೆ. ಸಾವಿರಾರು ಫೋನುಗಳಿಗೆ ಇಳಿದುಹೋದ ವಿಡಿಯೊವನ್ನು ಮಾತ್ರ ಯಾವ ಕೋರ್ಟೂ ಪೂರ್ತಿ ಹಿಂದಕ್ಕೆ ತರಲಾರದು. ಆದ್ದರಿಂದಲೇ ಅದನ್ನು ಹರಿಯಬಿಡುವ ಮುಂಚಿನ ಕ್ಷಣ ಮುಖ್ಯ.

ಆ ಕ್ಷಣವನ್ನು ಉದ್ದ ಮಾಡಬಹುದು ಎಂಬುದಕ್ಕೆ ಸಾಕ್ಷಿಯಿದೆ. 2018ರ ಜುಲೈ 13ರಂದು ಬೀದರ್ ಜಿಲ್ಲೆಯ ಔರಾದ್ ತಾಲ್ಲೂಕಿನಲ್ಲಿ, ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಹೈದರಾಬಾದಿನಿಂದ ಬಂದ ಯುವಕರನ್ನು ಮಕ್ಕಳ ಕಳ್ಳರೆಂದು ವಾಟ್ಸ್ಆ್ಯಪ್‌ನಲ್ಲಿ ಹಬ್ಬಿಸಲಾಯಿತು. ಮುರ್ಕಿ ಗ್ರಾಮದಲ್ಲಿ ಗುಂಪು ಅವರ ಕಾರನ್ನು ಅಡ್ಡಗಟ್ಟಿ ಹೊಡೆಯಿತು, ಒಬ್ಬ ಯುವಕ ಸತ್ತ. ದೇಶದ ಬೇರೆ ಕಡೆಗಳಲ್ಲೂ ಇಂಥ ಸಾವುಗಳಾಗಿದ್ದವು. ಅದೇ ತಿಂಗಳು ವಾಟ್ಸ್ಆ್ಯಪ್, ಭಾರತದಲ್ಲಿ ಒಂದು ಸಂದೇಶವನ್ನು ಒಂದು ಬಾರಿಗೆ ಐದಕ್ಕಿಂತ ಹೆಚ್ಚು ಕಡೆಗೆ ಫಾರ್ವರ್ಡ್ ಮಾಡದಂತೆ ಮಿತಿ ಹಾಕಿತು. 2020ರಲ್ಲಿ, ಬಹಳ ಸಲ ಫಾರ್ವರ್ಡ್ ಆಗಿ ಬಂದದ್ದನ್ನು ಒಂದು ಬಾರಿಗೆ ಒಂದೇ ಕಡೆಗೆ ಕಳಿಸಬಹುದು ಎಂದಿತು; ಅಂಥ ಸಂದೇಶಗಳು ಶೇ 70ರಷ್ಟು ಇಳಿದವು ಎಂದು ಕಂಪನಿಯೇ ಹೇಳಿತು. ‘ಲೇಖನ ಓದಿ ಹಂಚಿಕೊಳ್ಳುವಿರಾ?’ ಎಂದು ಟ್ವಿಟರ್ ಕೇಳಲು ಶುರು ಮಾಡಿದಾಗ ಲೇಖನ ತೆರೆಯುವವರು ಶೇ 40ರಷ್ಟು ಹೆಚ್ಚಿದರು. ಯಾರ ಬಾಯಿಯನ್ನೂ ಮುಚ್ಚಿಸಲಿಲ್ಲ, ಕೆಲವು ಸೆಕೆಂಡು ತಡೆದರು, ಅಷ್ಟೆ. ಇದನ್ನು ಕಂಪನಿಗಳು ತಾವಾಗಿಯೇ ಎಲ್ಲ ಕಡೆ ಮಾಡುವುದಿಲ್ಲ, ಏಕೆಂದರೆ ವೇಗವೇ ಅವುಗಳ ವರಮಾನ. ಸರ್ಕಾರ ಕೇಳಬೇಕು, ಬಳಸುವ ನಾವು ಕೇಳಬೇಕು.

ಓದುಗರಲ್ಲಿ ನನ್ನದು ಎರಡು ಕೋರಿಕೆ. ಮುಂದಿನ ಸಲ ಯಾರದೋ ಬದುಕಿನ ಅತಿ ಕೆಟ್ಟ ಗಳಿಗೆ ನಿಮ್ಮ ಫೋನಿಗೆ ಬಂದಾಗ ಅದನ್ನು ನಿಮ್ಮಲ್ಲೇ ನಿಲ್ಲಿಸಿ, ರೋಗದ ಹೆಸರನ್ನು ಬೈಗುಳವಾಗಿ ಬರೆಯಬೇಡಿ. ಮತ್ತೊಂದು, ಆ ಫೋನಿನಾಚೆ ಇರುವವರು ನೀವೇ ಆಗಿದ್ದರೆ, ಸಾವಿರ ಜನ ಬೈಯುತ್ತಿರುವ ರಾತ್ರಿ ಒಬ್ಬರೇ ಕೂರಬೇಡಿ. ಮನೆಯವರನ್ನು ಎಬ್ಬಿಸಿ, ಫೋನನ್ನು ಅವರ ಕೈಗೆ ಕೊಡಿ. ನಿಮ್ಹಾನ್ಸ್ ಉಸ್ತುವಾರಿಯಲ್ಲಿ 2022ರ ಅಕ್ಟೋಬರ್ 10ರಿಂದ ನಡೆಯುತ್ತಿರುವ ಟೆಲಿ-ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.